ಗುಡಗೇರಿ ಗಿರಣಿಯ ಗೂಢಚಾರರು

ಏಳು ಸಮುದ್ರ ದಾಟಿದರೆ ಸಿಗುವ ಊರೇನಲ್ಲ. ಗುಡಗೇರಿಯಿಂದ ಟಂಟಂ ಹತ್ತಿದರೆ ಒಂದು ಸಣ್ಣ ನಿದ್ದೆ ಮುಗಿಯುವಷ್ಟರಲ್ಲಿ ಬರುವ ಕುಬಿಹಾಳ. ಅಲ್ಲೊಬ್ಬ ರಾಜಕುಮಾರನಿದ್ದ. ರಾಜ್ಯವೆಂದರೆ ಒಂದು ತುಂಡು ಎರೆಹೊಲ, ಕುದುರೆಯೆಂದರೆ ಹಿತ್ತಲಲ್ಲಿ ಕೋಳಿ ಕಾವು ಕೂರುವ ಹಳೆಯ ಬೈಕು, ರಾಜಕುಮಾರಿ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಹೆಸರು ಸುಭಾಸ. ವಯಸ್ಸು ಕೇಳಿದರೆ ಮಾತು ಮರೆಸುತ್ತಿದ್ದ.

ಹೆಣ್ಣು ಸಿಗದ ಚಿಂತೆ ಮರೆಯಲು ಅವನು ಪತ್ತೇದಾರಿ ಕಾದಂಬರಿ ಓದುತ್ತಿದ್ದ. ಕಪ್ಪು ಕನ್ನಡಕದ ಗೂಢಚಾರರು, ದೇಶದೇಶಗಳ ಬ್ಯಾಂಕು ಬರಿದು ಮಾಡುವ, ಜಗತ್ತಿನ ತುಂಬ ಜಾಲ ಹಬ್ಬಿಸಿದ ಕಳ್ಳಕೂಟಗಳು. ಓದಿ ಓದಿ, ಊರಿಗೆ ಬಳೆಗಾರ ಬಂದರೂ ಅವನ ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಇಷ್ಟೆಲ್ಲ ಓದಿದವನು, ಫೋನಿನಲ್ಲಿ ಸಿಕ್ಕ ವಧೂವರ ಕೇಂದ್ರವೊಂದು 'ಹೆಣ್ಣಿನವರಿಗೆ ವರನ ಯೋಗ್ಯತೆ ತೋರಿಸಬೇಕು, ಬ್ಯಾಂಕಿನ ಕಾರ್ಡು ಕಳಿಸಿ' ಎಂದಾಗ ಮಾತ್ರ ಕಾರ್ಡಿಗೆ ಅರಿಶಿನ ಕುಂಕುಮ ಹಚ್ಚಿ, ಗುಟ್ಟಿನ ನಂಬರಿನ ಸಮೇತ ಅಂಚೆಗೆ ಹಾಕಿದ್ದ. ಆಮೇಲೆ ಅಲ್ಲಿಂದ ಸುದ್ದಿಯೇ ಇಲ್ಲ.

ಅವತ್ತು ಬೆಳಿಗ್ಗೆ ಅವನ ತಾಯಿ ದೇವಕ್ಕ ಹುರಿದ ಮೆಣಸಿನಕಾಯಿಯ ಚೀಲ ಅವನ ತಲೆಯ ಮೇಲಿಟ್ಟಳು.

"ಸಂಜಿ ರೊಟ್ಟಿಗೆ ಹೊಸಾ ಖಾರ ಇರಬೇಕು. ಹೋದ ವರ್ಷ ಚೀಲ ಟಂಟಂನ್ಯಾಗ ಬಿಟ್ಟು ಪುಸ್ತಕ ಅಷ್ಟ ತಂದಿದ್ದಿ."

"ಈ ಸಲ ಆಣಿ ಐತಿ ಯವ್ವಾ. ಖಾರ ಬಿಟ್ಟು ನಾ ಮನಿಗೆ ಬರೂದಿಲ್ಲ."

ಗುಡಗೇರಿಯ ಖಾರ ಕುಟ್ಟುವ ಗಿರಣಿಯಲ್ಲಿ ಘಾಟು ಎದ್ದಿತ್ತು. ಒಳಗಿದ್ದವರೆಲ್ಲ ಮೂಗು ಬಾಯಿ ಕಟ್ಟಿಕೊಂಡು ದರೋಡೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಗಿರಣಿಯೊಡತಿ ಹಲೀಮಾಬಿ ಅವನ ಚೀಲ ಇಸಿದುಕೊಂಡು, "ಟಾವೆಲ್ಲು ಗಟ್ಟಿ ಸುತ್ತಿಕೋಪಾ, ಸೀನಿದ್ರ ಮಂದಿ ಖಾರ ಹಾರಿಹೋಗತೈತಿ" ಅಂದಳು. ಸುಭಾಸ ಕೆಂಪು ಟಾವೆಲ್ಲನ್ನು ಕಣ್ಣಷ್ಟೇ ಉಳಿಯುವಂತೆ ಸುತ್ತಿಕೊಂಡ. ಬಾಜುವಿಗೆ ಓಣಿಯ ಕುಬೇರಪ್ಪ ಕಾಕಾ ಕೂತಿದ್ದ. ಊರಿನ ಯಾವ ಸುದ್ದಿಯೂ ಅವನಿಗೆ ಕೈಮುಗಿಯದೆ ಮುಂದೆ ಹೋಗುತ್ತಿರಲಿಲ್ಲ.

ಆಗ ಬಿಳಿ ಜೀಪೊಂದು ಬಂದು ನಿಂತು, ಒಬ್ಬ ಗಂಡಸು, ಒಬ್ಬಾಕೆ ಇಳಿದರು. ಇಬ್ಬರಿಗೂ ಕಪ್ಪು ಕನ್ನಡಕ. ಘಾಟು ತಾಗುತ್ತಲೇ ಇಬ್ಬರೂ ಮುಖಕ್ಕೆ ಕರವಸ್ತ್ರ ಒತ್ತಿಕೊಂಡರು. ಸುಭಾಸನ ಎದೆ ಗಿರಣಿಗಿಂತ ಜೋರಾಗಿ ಕುಟ್ಟತೊಡಗಿತು.

ಆಕೆ ನೇರ ಅವನ ಹತ್ತಿರವೇ ಬಂದು ಮೆಲ್ಲಗೆ ಕೇಳಿದಳು: "ಕುಬಿಹಾಳದ ಸುಭಾಸ ಅಂತ ಗೊತ್ತೇನ್ರಿ? ಹೆಂಗ ಮನುಷ್ಯ? ಆಸ್ತಿ ಪಾಸ್ತಿ ಏನೈತಿ?"

ಅವನು ಓದುತ್ತಿದ್ದ ಕಾದಂಬರಿಯಲ್ಲೂ ಕೂಟದವರು ಮೊದಲು ಹೀಗೇ ಆಸ್ತಿ ವಿಚಾರಿಸುತ್ತಿದ್ದರು. ಆಮೇಲೆ ಮನುಷ್ಯನೇ ಇರುತ್ತಿರಲಿಲ್ಲ.

"ಸುಭಾಸನ? ಅಯ್ಯ, ಅವನ ಹಂತ್ಯಾಕ ಏನೈತ್ರಿ? ಮೈಮ್ಯಾಲಿನ ಅಂಗಿನೂ ಮಂದೀದು. ತಲಿ ಬ್ಯಾರೆ ನೆಟ್ಟಗಿಲ್ಲ. ಯಾರರ ನಕ್ಕೋತ ಕೇಳಿದ್ರ ಮನೀನ ಬರದು ಕೊಡತಾನ, ಅಷ್ಟು ದಡ್ಡ."

ಕುಬೇರಪ್ಪ ಏನೋ ಹೇಳಲು ಬಾಯಿ ತೆರೆದ. ಸೀನು ಬಂತು. ಮತ್ತೆ ತೆರೆದ, ಮತ್ತೆ ಬಂತು. ಅವನ ಸೀನು ಮುಗಿಯುವುದರೊಳಗೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, "ಪಾಪ" ಎಂದುಕೊಂಡು ಸ್ಟೇಷನ್ನಿನ ಕಡೆಯ ಚಾದ ಅಂಗಡಿಗೆ ಹೋದರು.

"ಲೇ ಹುಚ್ಚಾ," ಕಾಕಾ ಮೂಗು ಒರೆಸಿಕೊಂಡ, "ನಿನಗ ನೀನ ಹೆಣ್ಣು ಕೊಡಬ್ಯಾಡ್ರಿ ಅಂದೆಲ್ಲೋ."

"ಹೆಣ್ಣು?"

"ಮತ್ತೇನು, ಹೆಣ್ಣಿನವರು ಡೊಳ್ಳು ಬಾರಿಸಿಕೋತ ಬರತಾರೇನು? ಮೊದಲ ಹಿಂಗ ಗಿರಣ್ಯಾಗ, ಚಾದ ಅಂಗಡ್ಯಾಗ ಗುಪ್ತ ವಿಚಾರಣಿ ಮಾಡತಾರ. ನಿಮ್ಮ ಅಕ್ಕನ ಮದುವಿ ಮುಂದ ನಾನು ದೇವಿಕೊಪ್ಪಕ್ಕ ಸಾಬಾಣ ಮಾರಾವ ಆಗಿ ಹೋಗಿದ್ದಿಲ್ಲೇನು? ಇವರು ಆ ನಿನ್ನ ಕೇಂದ್ರ ಕಳಿಸಿದ ಮಂದಿ."

ಸುಭಾಸನ ಕಣ್ಮುಂದೆ ಬಾಸಿಂಗವೊಂದು ಹೊಳೆದು ಗಾಳಿಗೆ ತೂರಿಹೋಯಿತು. ಅರ್ಧ ಕುಟ್ಟಿದ ಖಾರ ಅಲ್ಲೇ ಬಿಟ್ಟು ಓಡಿದ. ಹಿಂದೆ ಕಾಕಾ.

ಚಾದ ಅಂಗಡಿಯಲ್ಲಿ ಅವರಿಬ್ಬರೂ ಮಿರ್ಚಿ ಭಜಿ ತಿನ್ನುತ್ತಿದ್ದರು. ಸುಭಾಸ ಟಾವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಕೂದಲು ತಿದ್ದಿ ಕೈಮುಗಿದ.

"ನಾನ ರೀ ಸುಭಾಸ. ಗಿರಣ್ಯಾಗ ಯಾರೋ ಹೊಟ್ಟಿಕಿಚ್ಚಿನ ಮನಿಷಾ ನನ್ನ ಬಗ್ಗೆ ಏನೇನೋ ಹೇಳಿದ್ನಂತ."

ಆಕೆ ಕೆಂಪು ಟಾವೆಲ್ಲು ನೋಡಿದಳು. "ಹಂಗಾರ ನೀವ ಹೇಳ್ರಿ."

"ನನಗೇನು ಕಡಿಮಿ ಐತ್ರಿ? ದುಬೈ, ಸಿಂಗಾಪುರ, ಎಲ್ಲಾ ಕಡೆಯಿಂದ ರೊಕ್ಕ ಬರತೈತಿ. ಮೆಣಸಿನಕಾಯಿ ವ್ಯವಹಾರ."

ಗಂಡಸು ಮಿರ್ಚಿ ಕೆಳಗಿಟ್ಟ. "ನಿಮ್ಮ ಖಾತೆಗೇ ಬರತೈತೇನ್ರಿ?"

"ಅಗದಿ ನನ್ನ ಖಾತೆಗೇ."

"ಹಿಂದ ಬ್ಯಾರೆ ಯಾರರ ಅದಾರೋ?"

"ಒಬ್ಬರೂ ಇಲ್ಲ. ತಲಿ ಎಲ್ಲಾ ನಂದ."

"ಹೌದ್ರಿ," ಕಾಕಾ ಏದುಸಿರು ಬಿಡುತ್ತ ಸಾಕ್ಷಿ ನುಡಿದ, "ಮುಂಜಾನಿಯಿಂದ ಸಂಜೀತನಾ ಫೋನಿನ್ಯಾಗ ದುಬೈ. ಅಂಥಾ ಹುಡುಗ ಸಿಗೂದಿಲ್ರಿ."

"ಸಿಗೂದಿಲ್ಲ ಖರೆ," ಆಕೆ ಎದ್ದು ನಿಂತಳು. "ಭಾಳ ದಿನದಿಂದ ಹುಡುಕಾಕ ಹತ್ತಿದ್ವಿ."

ಆಕೆ ಚೀಲದಿಂದ ತನ್ನ ಗುರುತಿನ ಚೀಟಿ ತೆಗೆದು ತೋರಿಸಿದಳು. ಆರ್ಥಿಕ ಅಪರಾಧದ ತನಿಖೆಯವರು. ಏಳು ಸಮುದ್ರದಾಚೆ ಯಾರಯಾರದೋ ಮನೆಯಿಂದ ದೋಚಿದ ದುಡ್ಡು ಸುಭಾಸನ ಖಾತೆಯಲ್ಲಿ ಒಂದು ಗಳಿಗೆ ತಂಗಿ ಮತ್ತೆಲ್ಲೋ ಮಾಯವಾಗುತ್ತಿತ್ತಂತೆ. ವಧೂವರ ಕೇಂದ್ರವೆಂಬುದೇ ಇರಲಿಲ್ಲ.

"ಮದುವಿ ಆದ ಮ್ಯಾಲ ಕಾರ್ಡು ವಾಪಸ್ ಕೊಡತೀವಿ ಅಂದಿದ್ರಲ್ರಿ..." ಅಂದ ಸುಭಾಸ.

"ಗಿರಣ್ಯಾಗ ನೀವು ಹೇಳಿದ್ದು ಕೇಳಿ, ಯಾರೋ ದಡ್ಡನ ಖಾತೆ ಕದ್ದಾರ, ಅವನನ್ನ ಬಿಟ್ಟು ಹೋಗೂಣು ಅಂತಿದ್ವಿ. ಈಗ ನೋಡಿದ್ರ ತಲಿ ಎಲ್ಲಾ ನಿಮ್ಮದ."

"ಆಗ ಹೇಳಿದ್ದ ಖರೇರಿ. ದಡ್ಡ ನಾನು. ಇಂವ ನಮ್ಮ ಕಾಕಾ, ಕೇಳ್ರಿ ಬೇಕಾದ್ರ."

ಕಾಕಾನ ಜಾಗದಲ್ಲಿ ಗಾಳಿಯಷ್ಟೇ ಇತ್ತು.

"ದಡ್ಡನೋ ಶ್ಯಾಣ್ಯಾನೋ ಹುಬ್ಬಳ್ಳ್ಯಾಗ ನೋಡೂಣು. ಜೀಪು ಹತ್ರಿ."

"ಮೊದಲ ಖಾರ ಮುಟ್ಟಸಬೇಕ್ರಿ. ಅವ್ವಗ ಆಣಿ ಮಾಡೀನಿ."

ಆಕೆಗೆ ಏನನ್ನಿಸಿತೋ, ಜೀಪು ಗಿರಣಿಗೆ ತಿರುಗಿತು. ಮಡಿಲಲ್ಲಿ ಹಲೀಮಾಬಿ ತುಂಬಿಕೊಟ್ಟ ಬಿಸಿಬಿಸಿ ಖಾರದ ಡಬ್ಬಿ ಹಿಡಿದು, ಇಬ್ಬರು ಗೂಢಚಾರರ ನಡುವೆ ಕೂತು ಸುಭಾಸ ಊರು ಸೇರಿದ.

ಹೆಣ್ಣಿನವರು ಬಂದಿದ್ದಾರೆಂಬ ಕುಬೇರಪ್ಪನ ಅರ್ಧ ಸುದ್ದಿ ಫೋನಿನಲ್ಲಿ ಮೊದಲೇ ಬಂದು ತಲುಪಿತ್ತು. ದೇವಕ್ಕ ಹೊಸ ಸೀರೆ ಉಟ್ಟು, ಉಪ್ಪಿಟ್ಟು ಮಾಡಿ, ಬಾಗಿಲಲ್ಲೇ ಆಕೆಯ ಹಣೆಗೆ ಕುಂಕುಮವಿಟ್ಟಳು.

"ಹುಡುಗ ಪಸಂದ ಆದನೇನವಾ?"

ಆಕೆ ಸುಭಾಸನ ಮುಖ ನೋಡಿದಳು. "ಇವತ್ತ ನಮ್ಮ ಜೋಡಿ ಕರಕೊಂಡು ಹೊಂಟೀವ್ರಿ."

"ಇಷ್ಟು ಲಗೂನ? ಮನಿ ಅಳಿಯಾ ಮಾಡ್ಕೋತೀರೇನು? ಮಾಡ್ಕೋರಿ. ಎರಡೂ ಹೊತ್ತು ಊಟಾ ಹಾಕಿದ್ರ ಸಾಕು."

"ಹಾಕತಾರಬೇ," ಎಂದು ಸುಭಾಸ ಡಬ್ಬಿಯನ್ನು ಅವಳ ಕೈಗಿತ್ತ.

ದೇವಕ್ಕ ಮುಚ್ಚಳ ತೆಗೆದು, ಬೆರಳ ತುದಿಯಲ್ಲಿ ಒಂದಿಷ್ಟು ಮಗನ ನಾಲಿಗೆಗೆ ಸವರಿದಳು. ಅವನ ಕಣ್ಣಿಂದ ನೀರು ದಳದಳ ಇಳಿಯಿತು. ಅವಳು ತೃಪ್ತಿಯಿಂದ ಮುಚ್ಚಳ ಹಾಕಿದಳು.

"ಈ ವರ್ಷದ ಖಾರ ಬರೊಬ್ಬರಿ ಆಗೇತಿ."