ಜರ್ಮನ್ ರಥದ ಎಡದೀಪ

ಕೇಳಿರಿ, ದೀಪಾಭಿಮಾನಿಗಳೇ! ಕಲಿಯುಗದ ಪ್ರಥಮ ಪಾದದಲ್ಲಿ, ಮಾರ್ಗಶಿರದ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆಗೆ ಸವಾಲು, ಎಂಟೂ ಐದಕ್ಕೆ ಶಪಥ, ಎಂಟೂ ಹತ್ತಕ್ಕೆ ಸಮರಾರಂಭ. ರಣಾಂಗಣ, ಮಂಗಳೂರಿನ ಪಡೀಲು. ವೀರನು ಸಕಲ-ಶಕಟ-ದೀಪ-ಪ್ರಾಣದಾತ, ಟೆಸ್ಟರ್-ಕರಾಲಂಕೃತ ಲ್ಯಾನ್ಸಿ ಪಿಂಟೋ. ಮೂವತ್ತು ವರ್ಷಗಳ ಆಟೋ ಎಲೆಕ್ಟ್ರಿಷಿಯನ್.

ಎದುರಿಗೆ ಕರುಣಾಕರ ಶೆಟ್ಟರು ಹಿಂದಿನ ವಾರ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಜರ್ಮನ್ ಕಾರು. ಮರುದಿನ ಮಡಿಕೇರಿಯ ಮಂಜನ್ನು ಭೇದಿಸಬೇಕಿದ್ದ ಆ ರಥದ ಹಿಂಬದಿಯಲ್ಲಿ ಬಲಗಡೆಯ ಫಾಗ್ ಲೈಟು ಪ್ರಳಯಾಗ್ನಿಯಂತೆ ಉರಿಯುತ್ತಿತ್ತು, ಎಡಗಡೆ ಕತ್ತಲೆ.

"ಎಂತ ಲ್ಯಾನ್ಸಿ, ಫಾರಿನ್ ಗಾಡಿ ನಿನ್ನಿಂದ ಆಗ್ತದಾ? ಇಲ್ಲದಿದ್ರೆ ಕಂಪೆನಿಗೇ ಕೊಡ್ತೇನೆ."

ಎದುರು ಕ್ಯಾಂಟೀನಿನವರೆಲ್ಲ ಚಹಾ ಕೆಳಗಿಟ್ಟರು. ಲ್ಯಾನ್ಸಿ ಗರ್ಜಿಸಿದ: "ಶೆಟ್ರೆ, ಹನ್ನೊಂದರ ಒಳಗೆ ಎಡದ್ದು ಉರಿಯದಿದ್ರೆ ನನ್ನ ಅಂಗಡಿ ಬೋರ್ಡು ನಾನೇ ಬಿಚ್ತೇನೆ!"

"ಬಲ್ಬು ಹೋಗಿರ್ಬಹುದು ಮಾರಾಯ, ಮೊದಲು ಅದನ್ನು ನೋಡು."

"ಬಲ್ಬು ಯಾರು ಬೇಕಾದ್ರೂ ನೋಡ್ತಾರೆ. ನಮ್ಮದು ಫ್ಯೂಸಿನಿಂದ ಶುರು. ಬಲ್ಬು ಕೊನೆಗೆ."

ಗುರುದತ್ತವಾದ ಆ ಕ್ರಮವನ್ನು ಅವನೆಂದೂ ಮುರಿದವನಲ್ಲ. ಡ್ಯಾಶ್‌ಬೋರ್ಡೆಂಬ ದುರ್ಗ ಒಡೆಯಿತು, ಸೀಟುಗಳು ಧರಾಶಾಯಿಯಾದವು, ಪಂಚವರ್ಣದ ತಂತಿಗಳು ಅವನ ಕೊರಳನ್ನು ನಾಗಪಾಶದಂತೆ ಬಿಗಿದವು. ಹತ್ತೂ ಐವತ್ತಕ್ಕೆ, ಕೀ ತೆಗೆದು ಹೊರಬರುವಾಗ ಮೊಣಕೈ ಇಂಡಿಕೇಟರಿನ ಕಡ್ಡಿಗೆ ತಾಗಿತು. ಎಡಗಡೆ ಕೆಂಪು ಬೆಳಕು!

"ಬಂತು ಶೆಟ್ರೆ, ಎಡದ್ದು ಬಂತು!"

"ಬಲದ್ದು ಎಲ್ಲಿ ಹೋಯ್ತು?"

ಬಲಗಡೆ ಕತ್ತಲೆ. ಕಡ್ಡಿಯನ್ನು ಆಚೆ ತಳ್ಳಿದರೆ ಬಲ ಉರಿದು ಎಡ ಆರಿತು. ಅಷ್ಟರಲ್ಲಿ ಹಿಂದಿನ ಸೀಟಿಲ್ಲದ ಜಾಗದಲ್ಲಿ ಸ್ಟೂಲು ಹಾಕಿ ಕುಳಿತಿದ್ದ ಶೆಟ್ಟರ ಪತ್ನಿ ಸುನಂದಕ್ಕ, ಗಾಡಿಯ ಕೈಪಿಡಿಯಿಂದ ತಲೆ ಎತ್ತಿದರು.

"ಅದು ಪಾರ್ಕಿಂಗ್ ಲೈಟಂತೆ. ಕೀ ತೆಗೆದ ಮೇಲೆ, ಆ ಕಡ್ಡಿಯಿಂದ ರಸ್ತೆ ಇರುವ ಬದಿಗೆ ಮಾತ್ರ ಉರಿಸ್ಲಿಕ್ಕೆ. ಮತ್ತೆ ಹಿಂದಿನ ಫಾಗ್ ಲೈಟು ಒಂದೇ ಇರುವುದಂತೆ, ಡ್ರೈವರ್ ಬದಿಗೆ."

ಲ್ಯಾನ್ಸಿ ಕೊನೆಯ ಕಾರ್ಯವನ್ನು ಕೊನೆಗೆ ಕೈಗೊಂಡ, ಎಡದೀಪದ ಗೂಡನ್ನು ಬಿಚ್ಚಿದ. ಫಾಗ್ ಲೈಟಿನ ಜಾಗದಲ್ಲಿ ಬಲ್ಬಿಲ್ಲ, ಹೋಲ್ಡರಿಲ್ಲ, ತಂತಿಯೂ ಇಲ್ಲ. ಗಂಟೆ ಹನ್ನೊಂದಾಯಿತು. ಅವನು ಸ್ಕ್ರೂಡ್ರೈವರ್ ಹಿಡಿದು ಬೋರ್ಡಿನತ್ತ ನಡೆದ.

"ಬೋರ್ಡು ಅಲ್ಲೇ ಇರ್ಲಿ ಮಾರಾಯ," ಎಂದರು ಶೆಟ್ಟರು, ಸ್ಟೇರಿಂಗಿನ ನಡುವೆ ಒತ್ತುತ್ತಾ. "ಮೊದಲು ಇದು ನೋಡು. ಹಾರ್ನ್ ಒತ್ತಿದ್ರೆ ವೈಪರ್ ಓಡ್ತಾ ಉಂಟು."

ಪರೀಕ್ಷೆಯಿಂದ ಸಿದ್ಧವಾದದ್ದು: ಎಂಟು ಗಂಟೆಗೆ ಗಾಡಿಯಲ್ಲಿ ದೋಷವಿರಲಿಲ್ಲ, ಹನ್ನೊಂದಕ್ಕೆ ಒಂದಿತ್ತು.