ಅಣ್ಣಿಗೇರಿವರೆಗೆ ಕಾಕಾನ ಕಾವಲು

ಸೂರ್ಯ ಮೂಡಿದ್ದಾನೆ ಎಂದರೂ ಎದ್ದು ಹೊರಗೆ ಹೋಗಿ ನೋಡಿಯೇ ಒಪ್ಪುವ ಆಸಾಮಿ ನಮ್ಮ ಕಾಕಾ!

ಶಲವಡಿಯಲ್ಲಿ ಅವನದು ಟೇಲರ್ ಅಂಗಡಿ. ಅಳತೆ ಕೊಡುವಾಗ ಗಿರಾಕಿಗಳು ಹೊಟ್ಟೆ ಒಳಗೆಳೆದುಕೊಂಡು ಮೋಸ ಮಾಡುತ್ತಾರೆಂಬುದು ಅವನ ಗುಮಾನಿ. ಸೊಂಟಕ್ಕೆ ಟೇಪು ಸುತ್ತಿ, "ಹೊಟ್ಟಿ ಸಡ್ಲ ಬಿಡ್ರಿ" ಎನ್ನುತ್ತಿದ್ದ. "ಬಿಟ್ಟೀನ್ರಿ" ಎಂದರೆ, "ಪೂರಾ ಬಿಡ್ರಿ!" ಅಂಥ ಅಳತೆಯ ಪ್ಯಾಂಟು ಮನೆ ಮುಟ್ಟುವುದರೊಳಗೆ ಜಾರದೆ ಇರುತ್ತದೆಯೇ?

ಎಂಬತ್ತರ ದಶಕದ ಮಾತು. ನನಗಾಗ ಇಪ್ಪತ್ತೆರಡು. ಊರ ತರುಣರು ಶಲವಡಿಯಿಂದ ಅಣ್ಣಿಗೇರಿವರೆಗೆ ಓಟದ ಸ್ಪರ್ಧೆ ಇಟ್ಟರು. ಎಂದೂ ಅಷ್ಟು ದೂರ ಓಡದ ನಾನು ಹುರುಪಿನಿಂದ ಹೆಸರು ಕೊಟ್ಟೆ. ಮರುದಿನ ನೋಡಿದರೆ ನನ್ನ ಹೆಸರಿನ ಕೆಳಗೇ ಕಾಕಾನ ಹೆಸರು! ಐವತ್ತು ದಾಟಿದ, ಬಸ್ಸು ತಪ್ಪಿದರೂ ಓಡದ ಮನುಷ್ಯ!

"ನೀ ಯಾಕ ಕಾಕಾ?"

"ಓಟದಾಗ ಮೋಸ ಭಾಳ ನಡೀತೈತಿಲೇ. ನಿನ್ನ ಬಾಜೂಕ ಒಬ್ಬ ಇರಬೇಕು."

ಸೀಟಿ ಊದಿದ್ದೇ ತಡ, ಧೋತರ ಮೇಲೆ ಕಟ್ಟಿಕೊಂಡು ನನ್ನ ಪಕ್ಕಕ್ಕೇ ಅಂಟಿಕೊಂಡ. ಸ್ವಲ್ಪ ದೂರದಲ್ಲಿ ಒಬ್ಬ ಓಟಗಾರ ದಾರಿ ಬಿಟ್ಟು ಹತ್ತಿ ಹೊಲಕ್ಕೆ ನುಗ್ಗಿದ. "ನೋಡಿದೇನು, ಒಳದಾರಿ ಹಿಡದ!" ಎಂದು ಕಾಕಾ ಬೆನ್ನಟ್ಟಿದ. ಅರೆಗಳಿಗೆಯಲ್ಲೇ ತಲೆ ತಗ್ಗಿಸಿ ಮರಳಿದ.

"ಪಾಪ, ಖರೇನ ಅವಸರ ಇತ್ತು ಅವಗ."

ಮುಂದೆ ಬೇವಿನ ಗಿಡದ ಕೆಳಗೆ ಒಬ್ಬ ಅಜ್ಜಿ ಓಡುವವರಿಗೆ ನೀರು ಕೊಡುತ್ತಿದ್ದಳು. ನಾನು ಕೈ ಚಾಚಿದರೆ ಕಾಕಾ ಅಡ್ಡ ಬಂದ.

"ಮೊದಲ ನೀ ಕುಡಿ ಯವ್ವಾ."

"ನಾ ಎಲ್ಲಿ ಓಡಾಕತ್ತೀನೋ ಯಪ್ಪಾ?"

"ಆದರೂ ಕುಡಿ."

ಕುಡಿದಳು. ಅವಳಿಗೆ ಏನೂ ಆಗಲಿಲ್ಲವೆಂದು ಕಾಕಾನಿಗೆ ಖಾತ್ರಿಯಾಗುವಷ್ಟರಲ್ಲಿ ಒಂಬತ್ತು ಜನ ನಮ್ಮನ್ನು ದಾಟಿ ಹೋದರು! ನನಗೆ ರೇಗಿತು. ಇವನು ನನ್ನನ್ನು ಸೋಲಿಸಲೆಂದೇ ಬಂದಿದ್ದಾನೆಯೇ?

"ನೀ ಮನೀಗೆ ಹೋಗು ಕಾಕಾ!" ಎಂದು ಕೂಗಿ, ಅವನನ್ನು ಅಲ್ಲೇ ಬಿಟ್ಟು ಓಡಿದೆ.

"ಸಾವಕಾಶಲೇ, ಸಾವಕಾಶ!" ಎಂಬ ಕೂಗು ಬಹಳ ದೂರ ಬೆನ್ನ ಹಿಂದೆಯೇ ಬಂತು.

ಹದಿನಾಲ್ಕನೆಯವನಾಗಿ ಅಣ್ಣಿಗೇರಿ ಮುಟ್ಟಿ ನೆರಳಲ್ಲಿ ಅಂಗಾತ ಬಿದ್ದೆ. ಕಾಕಾ ಬರುವಷ್ಟರಲ್ಲಿ ಬಹುಮಾನ ಹಂಚಿ ಮುಗಿದಿತ್ತು. ಅವನ ಚಪ್ಪಲಿ ದಾರಿಯಲ್ಲೆಲ್ಲೋ ಹರಿದುಹೋಗಿತ್ತು, ಅಂಗಾಲಿನಲ್ಲಿ ನೆತ್ತರು. ಯಾರು ಗೆದ್ದರೆಂದು ಕೇಳಲಿಲ್ಲ. ನೇರ ಬಂದವನೇ ಮೊಣಕಾಲೂರಿ ನನ್ನ ಎದೆಗೆ ಕಿವಿ ಹಚ್ಚಿದ.

ಏಳು ವರ್ಷದವನಿದ್ದಾಗ ನನಗೆ ಹೃದಯದ ಬೇನೆ ಬಂದಿತ್ತು. ಪೂರ್ತಿ ಗುಣವಾಗಿದೆ, ಇನ್ನು ಭಯವಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಎಷ್ಟೋ ವರ್ಷಗಳಾಗಿದ್ದವು. ನಾನಂತೂ ಮರೆತೇ ಬಿಟ್ಟಿದ್ದೆ. ಕಾಕಾ ಮಾತ್ರ ಆ ಮಾತನ್ನು ಒಂದು ದಿನವೂ ನಂಬಿರಲಿಲ್ಲ.

"ಕಾಕಾ, ಮಂದಿ ನೋಡಾಕತ್ತಾರ."

"ಸುಮ್ಮನಿರಲೇ, ಕೇಳಸವಲ್ದು."

ಬೆವರಿನಿಂದ ತೊಯ್ದಿದ್ದ ಅವನ ತಲೆಯ ಮೇಲೆ ಮೆಲ್ಲಗೆ ಕೈ ಇಟ್ಟೆ.