ಕಂಪ್ಯೂಟರಿಗೊಂದು ಅಂಗಿ

ಟೈಲರಮ್ಮ: ಸಂಜೆ ಅಂದ್ರೆ ಸಂಜೆ ಕಣ್ರೀ. ಅಷ್ಟರೊಳಗೆ ಆ ಡಬ್ಬ ಓಡಿದ್ರೆ ಮೇಜು ಅದಕ್ಕೆ. ಓಡ್ಲಿಲ್ವೋ, ಅದು ಗುಜರಿಗೆ, ಮೇಜು ನನಗೆ. ನೆಲದ ಮೇಲೆ ಕೂತು ಬಟ್ಟೆ ಕತ್ತರಿಸಿ ಕತ್ತರಿಸಿ ನನ್ನ ಮಂಡಿ ಸವೆದುಹೋಗಿದೆ.

ಕಂಡಕ್ಟರು: ಡಬ್ಬ ಅನ್ಬೇಡ! ಹಳೇದಾದ ಮಾತ್ರಕ್ಕೆ ಮರ್ಯಾದೆ ಬೇಡ್ವಾ?

ಟೈಲರಮ್ಮ: ನಿಮ್ಮನ್ನ ಅಂದ್ನಾ? ಅದನ್ನ ಅಂದೆ.

ಕಂಡಕ್ಟರು ಕೆಲಸದಿಂದ ನಿವೃತ್ತರಾಗಿ ಮನೆ ಸೇರಿದ್ದರೂ ಅವರ ಗಂಟಲು ಇನ್ನೂ ಡ್ಯೂಟಿಯಲ್ಲೇ ಇತ್ತು. ಬೆಳಗಿನಿಂದ ತಮ್ಮ ಹಳೇ ಕಂಪ್ಯೂಟರಿಗೆ ಅದೇನೋ ಸಾಫ್ಟ್‌ವೇರ್ ಹಾಕುತ್ತಿದ್ದರು. ಏನದು ಎಂದು ಕೇಳಿದರೆ ಬಾಯಿ ಬಿಡರು. ಇಸ್ಪೀಟಾಟವೇ ಇರಬೇಕೆಂದು ಹೆಂಡತಿಗೆ ಗಟ್ಟಿ ಅನುಮಾನ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ತೆವಳುತ್ತಾ ತೆವಳುತ್ತಾ ಅರ್ಧ ದಾಟುತ್ತಿತ್ತು. ಅಷ್ಟರಲ್ಲಿ ಯಂತ್ರ ಪೂರ್ತಿ ಕಣ್ಣು ಮುಚ್ಚಿಬಿಡುತ್ತಿತ್ತು.

ಆ ಯಂತ್ರದ ವೇಷವನ್ನೂ ಹೇಳಿಬಿಡಬೇಕು. ಟೈಲರಮ್ಮನ ಮನೆಯಲ್ಲಿ ಬೆತ್ತಲೆ ನಿಂತ ವಸ್ತುವೇ ಇರಲಿಲ್ಲ. ಫ್ರಿಜ್ಜಿಗೆ ಲಂಗ, ಟಿವಿಗೆ ಮುಸುಕು, ಮಿಕ್ಸಿಗೆ ಟೋಪಿ. ಕಂಪ್ಯೂಟರಿನ ಪೆಟ್ಟಿಗೆಗಂತೂ ತಲೆಯಿಂದ ಪಾದದವರೆಗೆ ಹತ್ತಿ ತುಂಬಿದ ನೀಲಿ ಅಂಗಿ. ಆನ್ ಮಾಡುವ ಗುಂಡಿಗೆಂದು ಮುಂದೆ ಒಂದು ಕಾಜ ಬಿಟ್ಟಿತ್ತು, ಅಷ್ಟೆ.

ಕಂಡಕ್ಟರು: ಹೋಗು, ಹೋಗು, ಮುಂದೆ ಹೋಗು. ಮುಂದೆ ಅಷ್ಟು ಜಾಗ ಖಾಲಿ ಇದೆ, ಬಾಗಿಲಲ್ಲೇ ಯಾಕೆ ನಿಂತ್ಕೊಂಡಿದ್ದೀಯ... ಅಯ್ಯೋ! ಮತ್ತೆ ಹೋಯ್ತು! ಲೇ, ಇಸ್ತ್ರಿ ಪೆಟ್ಟಿಗೆ ಹಾಕಿದ್ದೀಯಾ?

ಟೈಲರಮ್ಮ: ಹಾಕಿದ್ದೀನಿ. ಮತ್ತೆ ಕಾಲರನ್ನ ನಾಲಿಗೆಯಿಂದ ಇಸ್ತ್ರಿ ಮಾಡ್ಲಾ?

ಕಂಡಕ್ಟರು: ನೋಡಿದ್ಯಾ! ಕರೆಂಟನ್ನೆಲ್ಲಾ ಅದೇ ಕುಡಿದುಬಿಟ್ರೆ ಇದಕ್ಕೊಂದು ಗುಟುಕಾದ್ರೂ ಉಳಿಯುತ್ತಾ? ಮೇಜಿನ ಆಸೆಗೆ ಬೇಕಂತಲೇ ಮಾಡ್ತಿದ್ದೀಯ ನೀನು.

ಟೈಲರಮ್ಮ: ನನಗೆ ಮೇಜು ಬೇಕಾದ್ರೆ ಎದುರಿಗೆ ನಿಂತು ಜಗಳ ಆಡ್ತೀನಿ. ಕದ್ದುಮುಚ್ಚಿ ಮಾಡೋರು ಯಾರು ಅಂತ ಬೀದಿಗೆಲ್ಲಾ ಗೊತ್ತು. ತಗೊಳ್ಳಿ, ಪ್ಲಗ್ ಕಿತ್ತೆ. ಈಗ ಓಡಿಸಿ ನಿಮ್ಮ ರಥ.

ಅಷ್ಟರಲ್ಲಿ ಟೈಲರಮ್ಮನ ತಮ್ಮ ಏದುಸಿರು ಬಿಡುತ್ತಾ ಒಳಗೆ ಬಂದ. ಸ್ಕೂಟರ್ ಮೆಕ್ಯಾನಿಕ್ಕು. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು.

ಭಾಮೈದ: ಏನು ಭಾವ, ಫೋನಲ್ಲಿ ಆ ಪಾಟಿ ಕೂಗಿದ್ರಿ? ಯಾರಿಗೋ ಏನೋ ಆಯ್ತು ಅಂತ ಊಟ ಬಿಟ್ಟು ಓಡಿಬಂದೆ.

ಕಂಡಕ್ಟರು: ಬಾರಪ್ಪ, ಬಾ. ಹೋದ ತಿಂಗಳು ಹಾಡು ತುಂಬ್ಕೊಳ್ಳೋಕೆ ಇದಕ್ಕೆ ನಿನ್ನ ಪೆನ್‌ಡ್ರೈವ್ ಚುಚ್ಚಿದ್ಯಲ್ಲ, ಅದರಿಂದಲೇ ವೈರಸ್ ಹತ್ತಿರೋದು.

ಭಾಮೈದ: ನನ್ನ ಪೆನ್‌ಡ್ರೈವ್ ಗ್ರೀಸ್ ಡಬ್ಬಿ ಪಕ್ಕ ಬಿದ್ದಿರುತ್ತೆ. ಯಾವ ವೈರಸ್ಸಾದ್ರೂ ಅದರ ಮೇಲೆ ಕಾಲೂರೋಕೆ ಆಗುತ್ತಾ? ಜಾರಿ ಬಿದ್ದು ಸೊಂಟ ಮುರ್ಕೊಳ್ಳುತ್ತೆ.

ಟೈಲರಮ್ಮ: ನನ್ನ ಮೇಲಾಯ್ತು, ಈಗ ನನ್ನ ತಮ್ಮನ ಮೇಲೆ ಬಂತು. ಇನ್ನು ಸತ್ತುಹೋದ ನಮ್ಮಪ್ಪನ್ನೂ ಎಳ್ಕೊಂಡು ಬನ್ನಿ!

ಭಾಮೈದ: ಇರಕ್ಕ. ಭಾವ, ಎಲ್ಲಿಗೆ ಬಂದು ನಿಲ್ಲುತ್ತೆ ಇದು?

ಕಂಡಕ್ಟರು: ನೂರಕ್ಕೆ ಅರವತ್ತು ಆಗ್ತಿದ್ದಂಗೆ ಕಣೋ.

ಭಾಮೈದ: ನೀವೂ ಅಲ್ಲಿಗೇ ತಾನೇ ನಿಂತಿದ್ದು? ಅದಕ್ಕೂ ಪಿಂಚಣಿ ಕೊಟ್ಟು ಕಳಿಸಿಬಿಡಿ.

ಕಂಡಕ್ಟರು: ತಲೆಹರಟೆ ಸಾಕು. ಏನಾದ್ರೂ ಮಾಡು.

ಭಾಮೈದ: ಮೆತ್ತಗೆ ಒಂದು ಕಿಕ್ ಕೊಡ್ಲಾ?

ಕಂಡಕ್ಟರು: ಕಾಲು ಕೆಳಗಿಡೋ!

ಯಂತ್ರವನ್ನು ಮತ್ತೆ ಎಬ್ಬಿಸಿದ್ದಾಯಿತು. ಪಟ್ಟಿ ಮತ್ತೆ ತೆವಳಿತು. ಇಸ್ತ್ರಿ ಪೆಟ್ಟಿಗೆ ಮೂಲೆಯಲ್ಲಿ ತಣ್ಣಗೆ ಕೂತಿತ್ತು, ಆದರೂ ಅರವತ್ತರ ಹತ್ತಿರ ಬರುತ್ತಲೇ ಪರದೆ ಕಪ್ಪಾಯಿತು. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಕಂಡಕ್ಟರಿಗೆ ನಿಜವಾಗಿಯೂ ಅಳು ಬಂದಂತಾಯಿತು. ಪಂದ್ಯ ಸೋತದ್ದಕ್ಕಿಂತ ನಾಳೆಯಿಂದ ಹೆಂಡತಿಯ ಮಾತು ಕೇಳಬೇಕಲ್ಲ ಅನ್ನುವುದೇ ಅವರಿಗೆ ದೊಡ್ಡ ಸಂಕಟ.

ಟೈಲರಮ್ಮ: ಸ್ವಲ್ಪ ಪಕ್ಕಕ್ಕೆ ಸರ್ಕೊಳ್ಳಿ. ನನ್ನ ಕಾಲರ್ ತಗೋಬೇಕು.

ಹಾಗೆಂದವಳೇ ಕಂಪ್ಯೂಟರಿನ ಅಂಗಿಯ ಅಂಚು ಎತ್ತಿ, ಒಳಗೆ ಕೈ ಹಾಕಿ, ಬಿಳೀ ಕಾಲರೊಂದನ್ನು ಹೊರಗೆಳೆದಳು.

ಕಂಡಕ್ಟರು: ಅಲ್ಲೇನು ಮಾಡ್ತಿತ್ತೇ ಅದು?

ಟೈಲರಮ್ಮ: ಇಸ್ತ್ರಿ ಪೆಟ್ಟಿಗೆ ಕೀಳಿಸಿದ್ರಲ್ಲ, ಅದಕ್ಕೆ ಇದರ ನೆತ್ತಿ ಮೇಲೆ ಒತ್ತಿಟ್ಟಿದ್ದೆ. ನೋಡಿ, ಒಂದು ಸುಕ್ಕಿದ್ಯಾ? ಬೆಳಗಿಂದ ಈ ಡಬ್ಬ ಮಾಡಿದ ಒಂದೇ ಒಳ್ಳೇ ಕೆಲಸ.

ಭಾಮೈದ ಕಾಲರು ಮುಟ್ಟಿ ನೋಡಿದ. ಆಮೇಲೆ ಅಂಗಿಯೊಳಗೆ ಕೈ ತೂರಿಸಿ, ತೂರಿಸಿದ್ದಕ್ಕಿಂತ ಜೋರಾಗಿ ಹಿಂದಕ್ಕೆಳೆದುಕೊಂಡ.

ಭಾಮೈದ: ಅಮ್ಮಾ! ಒಲೆ ಇದ್ದಂಗಿದೆಯಲ್ಲಕ್ಕ! ಒಳಗೆ ಫ್ಯಾನ್ ತಿರುಗಿದ್ರೂ ಗಾಳಿ ಎಲ್ಲಿಂದ ಬರಬೇಕು? ಕಾದು ಕಾದು ಮೂರ್ಛೆ ಹೋಗ್ತಿದೆ ಪಾಪ.

ಕಂಡಕ್ಟರು: ಹಂಗಾದ್ರೆ ಕಳ್ಳಿ ಸಿಕ್ಕಿದ್ಳು! ಈ ಅಂಗಿ ಹೊಲಿದಿದ್ದು ಯಾರು?

ಟೈಲರಮ್ಮ: ಹೊಲಿಸಿದ್ದು ಯಾರು? ಹಿಂದೆ ಕಿಟಕಿ ಬಿಡ್ತೀನಿ ಅಂತ ಬಡ್ಕೊಂಡೆ. ಕಿಟಕಿ ಬಿಟ್ರೆ ಧೂಳು ಟಿಕೆಟ್ ಇಲ್ಲದೆ ಹತ್ತುತ್ತೆ ಅಂತ ಎಗರಾಡಿದ್ದು ಯಾರು?

ಕಂಡಕ್ಟರು ಸೂರು ನೋಡಿದರು. ಅಂದಿದ್ದು ಅವರೇ. ಜೀವಮಾನವಿಡೀ ಬಸ್ಸಿನ ಧೂಳು ಕುಡಿದವರಿಗೆ ಧೂಳು ಕಂಡರೆ ಆಗುತ್ತಿರಲಿಲ್ಲ. ತಾವೇ ಕಂಪ್ಯೂಟರಿನ ಅಂಗಿ ಬಿಚ್ಚಿದರು. ಹೊಲಿಗೆ ಮಿಷನ್ನಿನ ಪಕ್ಕದ ಫ್ಯಾನನ್ನು ಭಾಮೈದ ತಂದು ತಿರುಗಿಸಿದ. ಸ್ವಲ್ಪ ತಣ್ಣಗಾದ ಮೇಲೆ ಯಂತ್ರ ಎದ್ದಿತು, ಪಟ್ಟಿ ಹೊರಟಿತು, ಅರವತ್ತನ್ನು ದಾಟಿಯೇಬಿಟ್ಟಿತು.

ಕಂಡಕ್ಟರು: ರೈಟ್... ರೈಟ್... ಹಂಗೇ ಬರ್ಲಿ... ಹೋಲ್ಡಾನ್! ಬಂತು ನೋಡೇ, ಕೊನೇ ಸ್ಟಾಪು! ಇನ್ನೂ ಕತ್ತಲಾಗಿಲ್ಲ. ಮೇಜು ನನ್ನದು!

ಟೈಲರಮ್ಮ: ಕೂತ್ಕೊಂಡು ಇಸ್ಪೀಟು ಕಲಸಿ.

ಪರದೆಯ ಮೇಲೆ ರಾಜನೂ ಬರಲಿಲ್ಲ, ರಾಣಿಯೂ ಬರಲಿಲ್ಲ. ಒಂದು ರವಿಕೆಯ ನಕ್ಷೆ ಬಂತು. ಭುಜ, ತೋಳು, ಕಂಕುಳ ತಿರುವು, ಎಲ್ಲಾ ಗೆರೆ ಗೆರೆಯಾಗಿ.

ಟೈಲರಮ್ಮ: ಇದೇನ್ರೀ ಇದು?

ಕಂಡಕ್ಟರು: ಅಳತೆ ಹಾಕಿದ್ರೆ ಕತ್ತರಿಸೋ ಗೆರೆ ಅದೇ ಎಳೆಯುತ್ತಂತೆ. ನಿನಗೇ ಅಂತ ಹಾಕಿದ್ದು. ದಿನಾ ಟೇಪ್ ಹಿಡ್ಕೋ, ಸೀಮೆಸುಣ್ಣ ಕೊಡು ಅಂತ ನನ್ನ ಜೀವ ತಿನ್ನೋದು ತಪ್ಪುತ್ತಲ್ಲ.

ಹೆಂಡತಿಯ ಮುಖ ಮೆತ್ತಗಾಯಿತು. ಅದನ್ನು ಕಂಡು ಕಂಡಕ್ಟರಿಗೆ ಎದೆ ತುಂಬಿಬಂತು. ಮದುವೆಯಾದ ಮೇಲೆ ಮೊದಲ ಸಲ ಗೆದ್ದೆ ಅನ್ನಿಸಿತು.

ಟೈಲರಮ್ಮ: ಚೆನ್ನಾಗಿದೆ ಕಣ್ರೀ. ಪಂದ್ಯ ನಿಮ್ಮದು, ಮೇಜೂ ನಿಮ್ಮದೇ. ಈ ನಕ್ಷೆ ನೋಡ್ಕೊಂಡು ಬಟ್ಟೆ ಹಾಸಿ ಕತ್ತರಿಸೋಕೆ ಮಾತ್ರ ನನಗೆ ಕೊಡಿ.

ಕಂಡಕ್ಟರು: ಅದಕ್ಕೇನು, ಧಾರಾಳವಾಗಿ ತಗೋ! ಯಾವಾಗ ಬೇಕು?

ಟೈಲರಮ್ಮ: ದಿನಾ.

ಕೊಟ್ಟ ಮಾತು ವಾಪಸ್ ತಗೊಳ್ಳುವಷ್ಟರಲ್ಲಿ ಭಾಮೈದ ಕಂಪ್ಯೂಟರನ್ನು ಎತ್ತಿ ನೆಲಕ್ಕಿಳಿಸಿಯಾಗಿತ್ತು. ಕಂಡಕ್ಟರು ಅದರ ಮುಂದೆ ಚಕ್ಕಂಬಕ್ಕಲ ಹಾಕಿ ಕೂತರು. ಮಂಡಿ ಲಟಕ್ಕೆಂದ ಸದ್ದು ಮೂವರಿಗೂ ಕೇಳಿಸಿತು.

ಭಾಮೈದ: ಅಕ್ಕ, ಈ ಅಂಗಿ ಏನು ಮಾಡ್ಲಿ?

ಟೈಲರಮ್ಮ: ಮಡಚಿ ನಿಮ್ಮ ಭಾವಂಗೆ ಕೊಡೋ, ಮಂಡಿ ಕೆಳಗೆ ಇಟ್ಕೊಳ್ಳಲಿ. ಪಾಪ, ಈ ನೆಲ ಎಷ್ಟು ಗಟ್ಟಿ ಅಂತ ಅವರಿಗಿನ್ನೂ ಗೊತ್ತಿಲ್ಲ.